ಕಂಡದ್ದೂ ಕಾಣಬಯಸಿದ್ದೂ

ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹನಿಯು ಅಂಗಳದ ನೀರಿನಲ್ಲಿ ಬೀಳುವುದನ್ನು ನೋಡದವರಿಲ್ಲ. ಅಡಿಗೆಯ ಮನೆಯಲ್ಲಿ ಒಂದು ತೊಟ್ಟು ಹಾಲು ತಟ್ಟೆಯ ಮೇಲೆ ಬಿದ್ದು ಸಿಡಿಯುವುದನ್ನು ನೋಡದ ಗೃಹಿಣಿಯೂ ಇಲ್ಲ. ಆದರೆ ಆ ಹನಿ ಬಿದ್ದಾಗ ಏನಾಯಿತೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಬಿದ್ದಿತು, ಸಿಡಿಯಿತು ಎಂದು ಯಾರಾದರೂ ಹೇಳಿಯಾರು. ಬಿದ್ದುದಕ್ಕೂ ಸಿಡಿದುದಕ್ಕೂ ನಡುವೆ ನಡೆದ ವ್ಯಾಪಾರವೇನು, ಹನಿಯು ಯಾವ ಯಾವ ಆಕಾರಗಳನ್ನು ತಾಳಿತು, ಸಿಡಿದ ತುಣುಕುಗಳು ಎಲ್ಲಿಂದ ಹುಟ್ಟಿದವು ಎಂದರೆ ಮೌನವೇ ಗತಿ. ಜನ್ಮವಿಡೀ ನೋಡಿದ್ದರೂ ಆ ವಸ್ತುವನ್ನು ಯಾರೂ ಕಂಡಿಲ್ಲ.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂಬುದು ನಮ್ಮ ದೇಶದ ದರ್ಶನಗಳಲ್ಲಿ ಬಹುಮಟ್ಟಿಗೆ ಒಪ್ಪಿದ ಮಾತು. ಅನುಮಾನವು ಅದರ ಹೆಗಲ ಮೇಲೆಯೇ ನಿಲ್ಲತಕ್ಕದ್ದು. ಆದರೆ ನೈಯಾಯಿಕರು ಪ್ರತ್ಯಕ್ಷಕ್ಕೂ ಒಂದು ಕಟ್ಟನ್ನು ಹಾಕಿದರು: ಆ ಜ್ಞಾನವು ಅವ್ಯಭಿಚಾರಿಯಾಗಿರಬೇಕು, ಎಂದರೆ ವಸ್ತುವನ್ನು ಬಿಟ್ಟು ಹಾದಿ ತಪ್ಪಬಾರದು. ಕಣ್ಣು ಮೊದಲು ಹೆಸರಿಲ್ಲದ ಯಾವುದೋ ಒಂದನ್ನು ಗ್ರಹಿಸುತ್ತದೆ, ಅದು ನಿರ್ವಿಕಲ್ಪಕ. ಅನಂತರ ಮನಸ್ಸು ಅದಕ್ಕೆ ಹೆಸರು, ಜಾತಿ, ಗುಣಗಳನ್ನು ಜೋಡಿಸಿ ಇದು ಇಂಥದು ಎಂದು ನಿರ್ಣಯಿಸುತ್ತದೆ, ಅದು ಸವಿಕಲ್ಪಕ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದವನ ದೋಷವು ಈ ಜೋಡಣೆಯಲ್ಲಿದೆ. ಹಾಗಾದರೆ ಜೋಡಿಸುವಾಗ ಮನಸ್ಸು ತನ್ನ ಕೈಯಿಂದ ಎಷ್ಟನ್ನು ಸೇರಿಸುತ್ತದೆ, ಕಂಡದ್ದರಲ್ಲಿ ಎಷ್ಟನ್ನು ಬಿಸುಡುತ್ತದೆ, ಮತ್ತು ಹೀಗೆ ಬಿಸುಟುದಕ್ಕೆ ಮನುಷ್ಯನು ಹೊಣೆಗಾರನೆ, ಅಲ್ಲವೆ? ಈ ಪ್ರಶ್ನೆ ತರ್ಕಶಾಲೆಯದು ಮಾತ್ರವಲ್ಲ, ನೀತಿಯದೂ ಹೌದು. ಇದರ ವಿಚಾರಕ್ಕೆ ಒಂದು ಹನಿಯ ಚರಿತ್ರೆಯೇ ಒಳ್ಳೆಯ ದೀಪವಾಗಿದೆ.

೨

ಇಂಗ್ಲೆಂಡಿನಲ್ಲಿ ಆರ್ಥರ್ ವರ್ದಿಂಗ್‌ಟನ್ (೧೮೫೨-೧೯೧೬) ಎಂಬ ಭೌತವಿಜ್ಞಾನಿ ಇದ್ದನು. ಆತನು ಬಹುಕಾಲ ಡೆವನ್‌ಪೋರ್ಟಿನ ನೌಕಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದವನು. ಮಸಿ ಹಿಡಿಸಿದ ಗಾಜಿನ ಮೇಲೆ ಹನಿ ಬಿದ್ದರೆ ನಡುವಿನಿಂದ ಸುತ್ತಲೂ ಕಿರಣಗಳು ಹೊರಟಂತಹ ಗುರುತು ಉಳಿಯುತ್ತದೆಂಬ ಅಲ್ಪ ಸಂಗತಿಯು ಆತನ ಕುತೂಹಲವನ್ನು ಕೆರಳಿಸಿತು. ಈ ವಿಷಯವಾಗಿ ಆತನು ಬರೆದುದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ೧೮೭೬ರಲ್ಲಿ ಮೊದಲು ಪ್ರಕಟವಾಯಿತು. ಅಂದಿನಿಂದ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆತನ ಮನಸ್ಸು ಹನಿಯನ್ನು ಬಿಡಲಿಲ್ಲ. ೧೯೦೮ರಲ್ಲಿ ಪ್ರಕಟವಾದ ‘ಎ ಸ್ಟಡಿ ಆಫ್ ಸ್ಪ್ಲ್ಯಾಷಸ್’ ಎಂಬ ಗ್ರಂಥವು ಆ ತಪಸ್ಸಿನ ಫಲ.

ಹನಿಯನ್ನು ನೋಡುವುದು ಸುಲಭವಾಗಿರಲಿಲ್ಲ. ಹಾಲಿನ ತೆಳುಪದರದ ಮೇಲೆ ಬಿದ್ದ ಹನಿಯು ಎಬ್ಬಿಸುವ ಕಿರೀಟವು ಹುಟ್ಟಿ ಅಡಗುವುದಕ್ಕೆ ಸೆಕೆಂಡಿನ ನೂರು ಭಾಗಗಳಲ್ಲಿ ಕೆಲವೇ ಸಾಕು. ಕಣ್ಣಾದರೋ ಒಂದು ನೋಟವನ್ನು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಆ ಅವಧಿಯಲ್ಲಿ ನಡೆದುದೆಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ವರ್ದಿಂಗ್‌ಟನ್ನನು ಕಣ್ಣಿನ ಈ ದೌರ್ಬಲ್ಯವನ್ನೇ ಉಪಾಯವನ್ನಾಗಿ ಮಾಡಿಕೊಂಡನು. ಕೋಣೆಯನ್ನು ಕತ್ತಲುಮಾಡಿ, ಒಂದು ಹನಿಯನ್ನೂ ಒಂದು ಗುಂಡನ್ನೂ ಏಕಕಾಲದಲ್ಲಿ ಬೀಳಬಿಡುವನು. ಗುಂಡು ತನ್ನ ಗುರಿಯನ್ನು ತಲಪಿದೊಡನೆ ವಿದ್ಯುತ್ಕಿಡಿಯೊಂದು ಹಾರಿ, ಅತ್ಯಲ್ಪ ಕಾಲದ ಮಟ್ಟಿಗೆ ಹನಿಯನ್ನು ಬೆಳಗಿಸಿ ನಂದುವುದು. ಕತ್ತಲೆಯಲ್ಲಿ ಕಣ್ಣಿಗೆ ಆ ಒಂದೇ ನೋಟ ದೊರೆಯುವುದರಿಂದ ಅದು ಕೆಡದೆ ಕ್ಷಣಕಾಲ ನಿಲ್ಲುವುದು. ಅದು ಮಾಸುವ ಮುನ್ನ ಆತನು ಕಾಗದದ ಮೇಲೆ ಬರೆದುಕೊಳ್ಳುವನು. ಗುಂಡಿನ ಗುರಿಯನ್ನು ತುಸು ಕೆಳಕ್ಕಿಳಿಸಿದರೆ ಕಿಡಿ ತುಸು ತಡವಾಗುವುದು. ಒಂದು ಮೀಟರು ಬಿದ್ದ ವಸ್ತುವಿನ ವೇಗವು ಸೆಕೆಂಡಿಗೆ ಸುಮಾರು ೪.೪ ಮೀಟರು; ಆದ್ದರಿಂದ ಗುರಿಯನ್ನು ನಾಲ್ಕೂವರೆ ಮಿಲ್ಲಿಮೀಟರಿನಷ್ಟು ಇಳಿಸಿದರೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಮುಂದಿನ ಅವಸ್ಥೆ ಕಣ್ಣಿಗೆ ಬೀಳುವುದು. ಹೀಗೆ ಕಾಲವನ್ನು ಅಳತೆಗೋಲಿನಿಂದಲೇ ಕತ್ತರಿಸುತ್ತ, ಪಾದರಸದ ಹನಿ, ಹಾಲಿನ ಹನಿ, ನೀರಿನ ಹನಿಗಳನ್ನು ಲೆಕ್ಕವಿಲ್ಲದಷ್ಟು ಸಲ ಬೀಳಿಸಿ, ಆತನು ಒಂದು ಚಿತ್ರಮಾಲೆಯನ್ನು ರಚಿಸಿದನು.

ಆ ಮಾಲೆಯಲ್ಲಿ ಕಂಡ ಲೋಕವು ಅದ್ಭುತವಾದುದು. ಬಿದ್ದ ಹನಿಯು ಮೊದಲು ಬಿಲ್ಲೆಯಂತೆ ಹರಡಿಕೊಳ್ಳುತ್ತದೆ. ಅದರ ಅಂಚಿನಿಂದ ತೆಳ್ಳನೆಯ ಗೋಡೆಯೊಂದು ಮೇಲೇಳುತ್ತದೆ. ಗೋಡೆಯ ತುದಿಯನ್ನು ದ್ರವದ ಮೇಲ್ಮೈ ಎಳೆತವು ಹಿಂದಕ್ಕೆ ಸೆಳೆಯುವುದರಿಂದ ಅಲ್ಲಿ ದ್ರವವು ಕೂಡಿಕೊಂಡು ದಪ್ಪನಾದ ಬಳೆಯಾಗುತ್ತದೆ. ಆ ಬಳೆಯಿಂದ ಬೆರಳುಗಳು ಹೊರಡುತ್ತವೆ. ಬೆರಳುಗಳ ತುದಿಯಲ್ಲಿ ಮಣಿಗಳು ಮೂಡಿ ಕಳಚಿ ಹಾರುತ್ತವೆ. ಆಳವಾದ ಪಾತ್ರೆಯಲ್ಲಾದರೆ ಬಿದ್ದ ಕಡೆ ಗುಳಿಯಾಗಿ, ಗುಳಿ ಮುಚ್ಚಿಕೊಂಡು, ನಡುವೆ ಒಂದು ಕಂಬವು ಎದ್ದು ನಿಲ್ಲುತ್ತದೆ. ಬಿದ್ದ ಹನಿಯೇ ಆ ಕಂಬದ ತುದಿಯಲ್ಲಿ ಮರಳಿ ಏರಿ ಬರುವುದೂ ಉಂಟು. ಇಷ್ಟೆಲ್ಲವೂ ರೆಪ್ಪೆ ಹೊಡೆಯುವಷ್ಟರಲ್ಲಿ ಮುಗಿದಿರುತ್ತದೆ. ವರ್ದಿಂಗ್‌ಟನ್ನನು ಬರೆದ ಕಿರೀಟಗಳು ಅಕ್ಕಸಾಲಿಗನು ಅಳೆದು ಮಾಡಿದಂತೆ ಇದ್ದವು. ಕಿರಣಕ್ಕೆ ಕಿರಣ, ಮಣಿಗೆ ಮಣಿ ಸಮವಾಗಿದ್ದವು.

೩

ಕಿಡಿಯ ಬೆಳಕಿನಲ್ಲಿ ಛಾಯಾಚಿತ್ರ ತೆಗೆಯಬಹುದೆಂಬುದು ಹೊಸ ಮಾತಲ್ಲ. ೧೮೫೧ರಲ್ಲಿಯೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಟಾಲ್ಬಟ್ ಎಂಬಾತನು, ಅಚ್ಚಾದ ಕಾಗದವನ್ನು ವೇಗವಾಗಿ ತಿರುಗುವ ಚಕ್ರಕ್ಕೆ ಅಂಟಿಸಿ, ವಿದ್ಯುತ್ಕಿಡಿಯಿಂದ ಬೆಳಗಿಸಿ, ಅಕ್ಷರಗಳನ್ನು ಓದಬರುವಂತೆ ಚಿತ್ರ ತೆಗೆದಿದ್ದನು. ಆದರೆ ಹನಿಯ ಚಿತ್ರಕ್ಕೆ ಬೇಕಾದ ಬೆಳಕೂ ಅದಕ್ಕೆ ತಕ್ಕ ಸೂಕ್ಷ್ಮವಾದ ಫಲಕವೂ ವರ್ದಿಂಗ್‌ಟನ್ನನಿಗೆ ಕೂಡಿಬಂದುದು ೧೮೯೪ರಲ್ಲಿ. ಸುಮಾರು ಹದಿನೆಂಟು ವರ್ಷ ಕಣ್ಣೂ ಕೈಯೂ ಮಾಡಿದ್ದ ಕೆಲಸವನ್ನು ಅಂದು ಯಂತ್ರವು ಮಾಡಿತು.

ಚಿತ್ರಗಳು ಬಂದವು. ಅವುಗಳಲ್ಲಿ ಕಿರೀಟವಿತ್ತು, ಬೆರಳುಗಳಿದ್ದವು, ಮಣಿಗಳೂ ಇದ್ದವು. ಆದರೆ ಅಕ್ಕಸಾಲಿಗನ ಅಳತೆ ಮಾತ್ರ ಇರಲಿಲ್ಲ. ಒಂದು ಕಡೆ ಗೋಡೆ ಎತ್ತರವಾಗಿದ್ದರೆ ಇನ್ನೊಂದು ಕಡೆ ತಗ್ಗು. ಇಲ್ಲಿ ಎರಡು ಬೆರಳುಗಳು ಒತ್ತಿಕೊಂಡಿದ್ದರೆ ಅಲ್ಲಿ ಬರಿಯ ತೆರಪು. ಒಂದು ಹನಿ ಹೀಗಾಯಿತೆಂದರೆ ಅದು ಆಕಸ್ಮಿಕವೆನ್ನಬಹುದಾಗಿತ್ತು. ಮತ್ತೆ ಮತ್ತೆ ಹನಿಗಳು ವಕ್ರವಾಗಿಯೇ ಕಂಡಾಗ ಏನು ಹೇಳುವುದು?

ಆಗ ವರ್ದಿಂಗ್‌ಟನ್ನನು ಮಾಡಿದ ಕೆಲಸವೇ ಈ ಕಥೆಯ ಸಾರ. ಆತನು ತನ್ನ ಹಳೆಯ ಮೂಲಚಿತ್ರಗಳನ್ನು ಹೊರತೆಗೆದು ಒಂದೊಂದನ್ನಾಗಿ ಪರೀಕ್ಷಿಸಿದನು. ಅಲ್ಲಿ ವಕ್ರವಾದ ಹನಿಗಳು ಬೇಕಾದಷ್ಟು ಇದ್ದವು. ಕಣ್ಣು ಅವನ್ನು ಕಂಡಿತ್ತು. ಕೈ ಬರೆದೂ ಇತ್ತು. ಆದರೆ ಹನಿಯ ಇತಿಹಾಸವನ್ನು ಕ್ರಮವಾಗಿ ಜೋಡಿಸಿ ಲೋಕದ ಮುಂದಿಡುವಾಗ, ಇವು ಯಾವುದೋ ಅಡಚಣೆಯಿಂದ ಕೆಟ್ಟ ಹನಿಗಳು, ನಿಜವಾದ ಹನಿಯಲ್ಲ ಎಂದು ಮನಸ್ಸು ಅವನ್ನು ಬದಿಗೆ ಸರಿಸಿಬಿಟ್ಟಿತ್ತು. ಯಾವ ಹನಿಯೂ ಪೂರ್ತಿಯಾಗಿ ಮುಟ್ಟದ ಒಂದು ಆದರ್ಶದ ಹನಿ ತನ್ನ ಮನಸ್ಸಿನಲ್ಲಿ ತುಂಬಿಕೊಂಡಿದ್ದಿತೆಂದು ಆತನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಯಾರೂ ಆತನನ್ನು ಕಟಕಟೆಗೆ ಕರೆದಿರಲಿಲ್ಲ. ತನ್ನ ಮೇಲಿನ ಸಾಕ್ಷ್ಯವನ್ನು ತಾನೇ ಹುಡುಕಿ ತಂದು ಓದಿದನು.

ಇದು ಯಾವ ಬಗೆಯ ದೋಷ? ದೋಷಗಳನ್ನು ಮೂರು ತೆರನಾಗಿ ವಿಂಗಡಿಸಬಹುದು: ಇಂದ್ರಿಯದ ದೋಷ, ಬುದ್ಧಿಯ ದೋಷ, ಸಂಕಲ್ಪದ ದೋಷ. ಕಾಮಾಲೆಯವನಿಗೆ ಲೋಕವೆಲ್ಲ ಹಳದಿಯಾಗಿ ಕಂಡರೆ ಅದು ಇಂದ್ರಿಯದ್ದು. ಅವನನ್ನು ಯಾರೂ ನಿಂದಿಸರು. ಕಂಡೂ ಇಲ್ಲವೆಂದು ಹೇಳುವ ಸುಳ್ಳುಸಾಕ್ಷಿಯದು ಸಂಕಲ್ಪದ್ದು. ಅವನನ್ನು ಯಾರೂ ಕ್ಷಮಿಸರು. ವರ್ದಿಂಗ್‌ಟನ್ನನ ದೋಷವು ಇವೆರಡರ ನಡುವಣದು. ಅವನ ಕಣ್ಣು ಸರಿಯಾಗಿತ್ತು. ವಂಚಿಸುವ ಇಚ್ಛೆಯೂ ಇರಲಿಲ್ಲ. ಆದರೂ ಅಸತ್ಯವೊಂದು ಹುಟ್ಟಿತು. ಸತ್ಯವಂತನಿಂದಲೇ, ಸುಳ್ಳಾಡದೆಯೇ, ಅಸತ್ಯವು ಹುಟ್ಟಬಹುದೆಂಬುದು ಯೋಚನೆಗೆ ಈಡುಮಾಡತಕ್ಕ ಮಾತಲ್ಲವೆ?

೪

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ; ಅದು ದುರ್ಬಲವಾದುದಲ್ಲ. ಆದರ್ಶವನ್ನು ಬರೆದುದರಲ್ಲಿ ತಪ್ಪೇನು? ಶಾಸ್ತ್ರವೆಂಬುದೇ ಆದರ್ಶಗಳ ಸಮೂಹ. ರೇಖಾಗಣಿತದ ಬಿಂದುವನ್ನು ಯಾರು ಕಂಡಿದ್ದಾರೆ? ಘರ್ಷಣೆಯೇ ಇಲ್ಲದ ಇಳಿಜಾರನ್ನು ಗೆಲಿಲಿಯೊ ಎಲ್ಲಿ ಕಂಡನು? ಒಂದೊಂದು ವಕ್ರತೆಯನ್ನೂ ಲೆಕ್ಕಕ್ಕೆ ಹಿಡಿದರೆ ನಿಯಮವೆಂಬುದೇ ದೊರೆಯದು. ಸಾವಿರ ಹನಿಗಳಲ್ಲಿ ಸಾಮಾನ್ಯವಾದುದನ್ನು ಹಿಡಿದು, ವಿಶೇಷವನ್ನು ಬಿಡುವುದೇ ಜ್ಞಾನ.

ಕಲೆಗಾರರೂ ಇದೇ ಪಕ್ಷದವರು. ಓಡುವ ಕುದುರೆಯು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುವುದು ಯೂರೋಪಿನ ಚಿತ್ರಕಾರರಲ್ಲಿ ರೂಢಿಯಾಗಿತ್ತು. ಜೆರಿಕೋ ೧೮೨೧ರಲ್ಲಿ ಬರೆದ ಎಪ್ಸಮ್ ಜೂಜಿನ ಚಿತ್ರದಲ್ಲಿ ಕುದುರೆಗಳೆಲ್ಲವೂ ಹಾಗೆಯೇ ಹಾರುತ್ತಿವೆ. ೧೮೭೮ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೈಬ್ರಿಡ್ಜ್ ಎಂಬಾತನು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ನಾಗಾಲೋಟದ ಚಿತ್ರಗಳನ್ನು ತೆಗೆದಾಗ, ನಾಲ್ಕು ಗೊರಸುಗಳೂ ನೆಲವನ್ನು ಬಿಡುವ ಕ್ಷಣವು ಇರುವುದು ನಿಜವಾದರೂ ಆಗ ಕಾಲುಗಳು ಚಾಚಿರದೆ ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತವೆಂದು ತಿಳಿಯಿತು. ಆದರೂ ಶಿಲ್ಪಿ ರೋದಾನನು ೧೯೧೧ರಲ್ಲಿ ಪ್ರಕಟವಾದ ಸಂಭಾಷಣೆಗಳಲ್ಲಿ ಚಿತ್ರಕಾರನ ಪಕ್ಷವನ್ನೇ ವಹಿಸಿದನು. ಕಾಲವು ನಿಂತಿರುವುದು ಲೋಕದಲ್ಲಿ ಎಲ್ಲಿಯೂ ಇಲ್ಲ. ಅದನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು. ಓಟದ ಅನುಭವವನ್ನು ಕೊಡುವ ಚಿತ್ರವೇ ನಿಜ ಎಂಬುದು ಆತನ ವಾದದ ತಾತ್ಪರ್ಯ.

ಈ ವಾದದಲ್ಲಿ ಹುರುಳಿದೆ. ಕುದುರೆಯ ಓಟವನ್ನು ನೋಡಿದವನ ಹಿಗ್ಗನ್ನು ತಿಳಿಯಬೇಕಾದರೆ ಜೆರಿಕೋನ ಬಳಿಗೆ ಹೋಗತಕ್ಕದ್ದೇ ಸರಿ. ಆದರೆ ಕುದುರೆಯ ಕಾಲು ಹೇಗೆ ಮುರಿಯಿತೆಂದು ತಿಳಿಯಬೇಕಾದ ಪಶುವೈದ್ಯನು ಅಲ್ಲಿಗೆ ಹೋಗಲಾರನು. ಚಿತ್ರಕಾರನು ತಾನು ಕಾಣಿಸುವುದು ಅನುಭವವನ್ನು ಎಂದು ಮೊದಲೇ ಹೇಳಿರುತ್ತಾನೆ. ನೋಡುವವನೂ ಹಾಗೆಂದೇ ಕೊಳ್ಳುತ್ತಾನೆ. ಅಲ್ಲಿ ಮೋಸವಿಲ್ಲ. ಗಣಿತಜ್ಞನೂ ತನ್ನ ಬಿಂದುವನ್ನು ಕಂಡೆನೆಂದು ಹೇಳುವುದಿಲ್ಲ, ಕಲ್ಪಿಸಿಕೊಳ್ಳಿರೆಂದು ಹೇಳುತ್ತಾನೆ. ಆದರ್ಶವು ತನ್ನ ಹೆಸರನ್ನೇ ಧರಿಸಿ ಬಂದರೆ ಅದು ಜ್ಞಾನಕ್ಕೆ ಬಂಧು. ಅದು ‘ಕಂಡದ್ದು’ ಎಂಬ ವೇಷವನ್ನು ತೊಟ್ಟು, ಕಂಡದ್ದನ್ನು ಮನೆಯಿಂದ ಹೊರಡಿಸಿ, ಅದರ ಪೀಠದಲ್ಲಿ ತಾನು ಕುಳಿತಾಗಲೇ ದೋಷವು ಪ್ರಾಪ್ತವಾಗುವುದು.

೫

ಇದಕ್ಕಿಂತಲೂ ಬಲವಾದ ಉತ್ತರವನ್ನು ಹನಿಯೇ ಕೊಟ್ಟಿದೆ.

ಕಿರೀಟದ ಅಂಚಿನಲ್ಲಿ ಬೆರಳುಗಳು ಏಕೆ ಹೊರಡುತ್ತವೆ? ಬೆಲ್ಜಿಯಮಿನ ಜೋಸೆಫ್ ಪ್ಲಾಟೋ (೧೮೦೧-೧೮೮೩) ಎಂಬ ವಿಜ್ಞಾನಿಯು ದ್ರವದ ಕಂಬಗಳನ್ನು ಕುರಿತು ಒಂದು ನಿಯಮವನ್ನು ಕಂಡುಹಿಡಿದನು. ದ್ರವದ ಕಂಬವು ತನ್ನ ಸುತ್ತಳತೆಗಿಂತ ಉದ್ದವಾದರೆ ಮೇಲ್ಮೈ ಎಳೆತದಿಂದ ಅದು ಹಾಗೆಯೇ ನಿಲ್ಲಲಾರದೆ ಮಣಿಗಳಾಗಿ ಒಡೆಯುತ್ತದೆ. ನಲ್ಲಿಯಿಂದ ಸಣ್ಣಗೆ ಸುರಿಯುವ ನೀರು ಕೆಳಗೆ ಹನಿಹನಿಯಾಗುವುದು ಇದರಿಂದಲೇ. ಈ ಪ್ಲಾಟೋ ೧೮೪೩ರ ಹೊತ್ತಿಗೆ ಕುರುಡನಾಗಿದ್ದನು. ಅನಂತರದ ಪ್ರಯೋಗಗಳನ್ನು ಬೇರೆಯವರ ಕಣ್ಣುಗಳಿಂದಲೇ ನಡೆಸಿದನು. ಕಣ್ಣಿದ್ದವನ ಆದರ್ಶವು ಕಂಡದ್ದನ್ನು ಮರೆಸಿದರೆ, ಕಣ್ಣಿಲ್ಲದವನು ಇತರರು ಕಂಡದ್ದನ್ನು ನಂಬಿ ನಿಯಮವನ್ನು ಹಿಡಿದನು.

ಕಿರೀಟದ ಬಳೆಯೂ ಹಾಗೆಯೇ ಬೆರಳುಗಳಾಗಿ, ಬೆರಳುಗಳು ಮಣಿಗಳಾಗಿ ಒಡೆಯುತ್ತವೆ. ಆದರೆ ಒಡೆಯುವುದಕ್ಕೆ ಆರಂಭ ಬೇಕಷ್ಟೆ. ಬಳೆಯು ಎಲ್ಲ ಕಡೆಯೂ ಸಂಪೂರ್ಣವಾಗಿ ಸಮವಾಗಿದ್ದ ಪಕ್ಷದಲ್ಲಿ ಇಲ್ಲಿ ಒಡೆಯಬೇಕು, ಅಲ್ಲಿ ಒಡೆಯಬಾರದು ಎಂಬುದಕ್ಕೆ ಕಾರಣವೇ ಇರದು; ಅದು ಬಳೆಯಾಗಿಯೇ ಉಳಿಯಬೇಕಾಗುವುದು. ಎಲ್ಲಿಯೋ ಕೂದಲೆಳೆಗಿಂತ ಸಣ್ಣದೊಂದು ಏರುಪೇರು ಇರುತ್ತದೆ. ಮೇಲ್ಮೈ ಎಳೆತವು ಆ ಏರುಪೇರನ್ನು ಅಳಿಸುವುದಕ್ಕೆ ಬದಲಾಗಿ ಬೆಳೆಸುತ್ತದೆ. ಉಬ್ಬಿದುದು ಇನ್ನಷ್ಟು ಉಬ್ಬಿ ಬೆರಳಾಗುತ್ತದೆ. ಆದ್ದರಿಂದ ಕಿರೀಟವು ಕಿರೀಟವಾಗುವುದೇ ವಕ್ರತೆಯ ಪ್ರಸಾದದಿಂದ. ಸಮವಲ್ಲದ ಹನಿಗಳನ್ನು ಕೆಟ್ಟ ಹನಿಗಳೆಂದು ಬಿಸುಟವನು, ಸಿಡಿತದ ಕಾರಣವನ್ನೇ ಕಸದೊಡನೆ ಗುಡಿಸಿ ಹಾಕಿದಂತಾಯಿತು.

ಇದರಿಂದ ಸಿದ್ಧಾಂತವು ತೋರುತ್ತದೆ. ಸಾಮಾನ್ಯವನ್ನು ಹುಡುಕುವುದು ತಪ್ಪಲ್ಲ. ಯಾವುದು ಸಾಮಾನ್ಯ, ಯಾವುದು ಆಕಸ್ಮಿಕ ಎಂಬ ತೀರ್ಮಾನವನ್ನು ವಸ್ತುವಿನ ಬಾಯಿಂದ ಕೇಳದೆ ತನ್ನ ಬಯಕೆಯಿಂದ ಮಾಡುವುದು ತಪ್ಪು. ಬಿಡುವುದೂ ಒಂದು ಕರ್ಮವೇ. ಕರ್ಮವಾದ ಮೇಲೆ ಅದಕ್ಕೆ ಕರ್ತನುಂಟು, ಹೊಣೆಯುಂಟು. ಹಾಗಾದರೆ ಆ ಹೊಣೆಯನ್ನು ತೀರಿಸುವ ಬಗೆ ಯಾವುದು? ಪೂರ್ವಗ್ರಹವೇ ಇಲ್ಲದ ಮನಸ್ಸನ್ನು ಮನುಷ್ಯನಿಂದ ನಿರೀಕ್ಷಿಸಲಾಗದು. ಆ ನಿರೀಕ್ಷೆಯೂ ಒಂದು ಆದರ್ಶದ ಹನಿಯೇ. ಆದರೆ ತಾನು ಬಿಟ್ಟುದನ್ನು ಸುಡದೆ ಇಟ್ಟಿರುವುದು, ಕೇಳಿದಾಗ ತೋರಿಸುವುದು, ಸಂದೇಹ ಬಂದಾಗ ತಾನೇ ತೆರೆದು ನೋಡುವುದು, ಇವು ಅವನ ಕೈಯಲ್ಲಿವೆ. ವರ್ದಿಂಗ್‌ಟನ್ನನು ವಕ್ರವಾದ ಹನಿಗಳ ಚಿತ್ರಗಳನ್ನು ಹರಿದು ಹಾಕಿದ್ದರೆ ಛಾಯಾಚಿತ್ರವು ಅವನ ತಪ್ಪನ್ನು ತೋರಿಸಬಹುದಾಗಿತ್ತು. ತಪ್ಪಿನ ಮೂಲವನ್ನು ತೋರಿಸಲಾರದಾಗಿತ್ತು. ಅವನನ್ನು ಉಳಿಸಿದುದು ಅವನ ಹಳೆಯ ಕಾಗದಗಳು.

೬

ಹಾಗಾದರೆ ಕ್ಯಾಮರಾವನ್ನೇ ಗುರುವೆಂದು ನಂಬಿ ಮನಸ್ಸಿಗೆ ರಜಾ ಕೊಟ್ಟುಬಿಡಬಹುದೆ? ಯಂತ್ರಕ್ಕೆ ಬಯಕೆಯಿಲ್ಲ, ಪಕ್ಷಪಾತವಿಲ್ಲ. ಬಿದ್ದ ಬೆಳಕನ್ನು ಬಿದ್ದಂತೆ ಹಿಡಿಯುತ್ತದೆ ಎಂದು ಅನೇಕರು ಹೇಳುವುದುಂಟು. ಇದನ್ನೂ ಪ್ರಮಾಣಿಸಿ ನೋಡತಕ್ಕದ್ದು.

ವರ್ದಿಂಗ್‌ಟನ್ನನ ಛಾಯಾಚಿತ್ರಗಳಲ್ಲಿ ಒಂದು ಕಿಡಿಗೆ ಒಂದೇ ಚಿತ್ರ. ಬೆಳಗಿದ ಹನಿಯು ಮರುಕ್ಷಣವೇ ಮುಗಿದುಹೋಗುತ್ತದೆ. ಮುಂದಿನ ಅವಸ್ಥೆಯನ್ನು ತೋರಿಸುವ ಚಿತ್ರವು ಇನ್ನೊಂದು ಹನಿಯದು. ಹೀಗೆ ಹುಟ್ಟಿನಿಂದ ಅಂತ್ಯದವರೆಗೆ ಒಂದೇ ಹನಿಯ ಜೀವನಚರಿತ್ರೆಯೆಂದು ತೋರುವ ಮಾಲೆಯು ವಾಸ್ತವವಾಗಿ ಹಲವು ಹನಿಗಳ ಜೀವನದಿಂದ ಒಂದೊಂದು ಕ್ಷಣವನ್ನು ಕಡ ತಂದು ಪೋಣಿಸಿದುದು. ಒಂದೇ ಎತ್ತರದಿಂದ ಬಿದ್ದ ಒಂದೇ ಗಾತ್ರದ ಹನಿಗಳು ಒಂದೇ ರೀತಿ ನಡೆದುಕೊಳ್ಳುತ್ತವೆಂಬ ಅನುಮಾನವು ಆ ಹಾರದ ದಾರ. ದಾರವು ಗಟ್ಟಿಯಾಗಿರಬಹುದು, ಆದರೂ ಅದು ಪ್ರತ್ಯಕ್ಷವಲ್ಲ.

ಎರಡನೆಯದಾಗಿ, ಚಿತ್ರಗಳಲ್ಲಿ ಆರಿಸುವ ಕೈ ಮನುಷ್ಯನದೇ. ಅಮೆರಿಕದ ಹೆರಾಲ್ಡ್ ಎಜರ್ಟನ್ (೧೯೦೩-೧೯೯೦) ಮಿಣುಕುದೀಪದ ತಂತ್ರವನ್ನು ಬಹಳ ದೂರ ಬೆಳೆಸಿದವನು. ಆತನು ೧೯೩೬ರಲ್ಲಿ ತೆಗೆದ ಹಾಲಿನ ಕಿರೀಟದ ಚಿತ್ರವನ್ನು ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ೧೯೫೭ರಲ್ಲಿ ಬಣ್ಣದಲ್ಲಿ ತೆಗೆದ ಇನ್ನೊಂದು ಜಗತ್ಪ್ರಸಿದ್ಧವಾಯಿತು: ಕೆಂಪು ನೆಲದ ಮೇಲೆ ಬೆಳ್ಳನೆಯ ಕಿರೀಟ, ಸುತ್ತಲೂ ಮುತ್ತುಗಳು. ಲೋಕವು ಗೋಡೆಗೆ ತೂಗುಹಾಕಿಕೊಂಡುದು ಈ ಅಂದವಾದುದನ್ನೇ. ಅಂದಗೆಟ್ಟ ಹನಿಗಳ ಚಿತ್ರಕ್ಕೆ ಯಾರೂ ಕಟ್ಟು ಹಾಕಿಸಲಿಲ್ಲ. ೧೮೯೪ರಲ್ಲಿ ಮುಂಬಾಗಿಲಿನಿಂದ ಹೊರಟುಹೋದ ಆದರ್ಶದ ಹನಿಯು ಹಿತ್ತಿಲ ಬಾಗಿಲಿನಿಂದ ಮೆಲ್ಲನೆ ಒಳಗೆ ಬಂದು ಕುಳಿತಿತು.

ಮೂರನೆಯದಾಗಿ, ಬೆಳಕಿಗೆ ಸಿಕ್ಕದುದು ಚಿತ್ರಕ್ಕೂ ಸಿಕ್ಕದು. ಒಣಗಿದ ನುಣುಪು ಗಾಜಿನ ಮೇಲೆ ಬಿದ್ದ ಹನಿಯು ಸಿಡಿಯುವುದು ದ್ರವದ ಗುಣದಿಂದ ಮತ್ತು ಬಿದ್ದ ವೇಗದಿಂದ ಎಂದೇ ಬಹುಕಾಲ ಎಣಿಸಿದ್ದರು. ೨೦೦೫ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುತ್ತಲಿನ ಗಾಳಿಯ ಒತ್ತಡವನ್ನು ತಗ್ಗಿಸುತ್ತ ಹೋಗಿ ವೇಗದ ಕ್ಯಾಮರಾದಿಂದ ನೋಡಿದರು. ಒತ್ತಡವು ಸಾಕಷ್ಟು ತಗ್ಗಿದಾಗ ಹನಿಯು ಸಿಡಿಯಲೇ ಇಲ್ಲ; ಸದ್ದಿಲ್ಲದೆ ಹರಡಿಕೊಂಡಿತು. ನೂರು ವರ್ಷಕ್ಕೂ ಮೇಲ್ಪಟ್ಟು ಹನಿಯ ಚಿತ್ರಗಳಲ್ಲೆಲ್ಲ ಗಾಳಿ ಇದ್ದೇ ಇತ್ತು. ಯಾವ ಚಿತ್ರದಲ್ಲಿಯೂ ಕಾಣಿಸಲಿಲ್ಲ. ಅದನ್ನು ಹೊರಗೆಡಹಿದುದು ಗಾಳಿಯನ್ನು ತೆಗೆದು ನೋಡೋಣವೆಂಬ ಮನುಷ್ಯನ ಪ್ರಶ್ನೆ. ಕ್ಯಾಮರಾ ಅದಕ್ಕೆ ಸಾಕ್ಷಿ ನುಡಿಯಿತು. ಕೇಳದ ಪ್ರಶ್ನೆಗೆ ಸಾಕ್ಷಿಯು ಉತ್ತರ ಹೇಳುವುದಿಲ್ಲ. ಆದ್ದರಿಂದ ಯಂತ್ರವು ಮನುಷ್ಯನ ಹೊಣೆಯನ್ನು ಹಗುರಮಾಡದು, ಸ್ಥಳಾಂತರಿಸುತ್ತದೆ ಅಷ್ಟೆ. ಮೊದಲು ಬರೆಯುವಾಗ ಇದ್ದ ಹೊಣೆಯು ಈಗ ಆರಿಸುವಾಗ, ಜೋಡಿಸುವಾಗ, ಕೇಳುವಾಗ ಇರುತ್ತದೆ.

೭

ಈ ಹೊಣೆಯು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಉಕ್ಕಿನ ಕವಚಕ್ಕೆ ಫಿರಂಗಿಯ ಗುಂಡು ತಗುಲಿದಾಗ ಲೋಹವು ಹನಿ ಬಿದ್ದ ದ್ರವದಂತೆಯೇ ಅಂಚು ಕಟ್ಟಿಕೊಂಡು ಏಳುತ್ತದೆಂದು ನೌಕಾ ಕಾಲೇಜಿನ ಅಧ್ಯಾಪಕನಾದ ವರ್ದಿಂಗ್‌ಟನ್ನನೇ ತೋರಿಸಿದ್ದನು. ಹಾಲಿನ ತೊಟ್ಟಿಗೂ ಫಿರಂಗಿಗೂ ನಡುವೆ ಪ್ರಕೃತಿಯು ಗೋಡೆ ಕಟ್ಟಿಲ್ಲ. ಎಜರ್ಟನ್ನನೂ ಅವನ ಜೊತೆಗಾರರೂ ರಚಿಸಿದ ಕ್ಯಾಮರಾಗಳು ೧೯೫೦ರ ದಶಕದಲ್ಲಿ ಅಣುಬಾಂಬಿನ ಪರೀಕ್ಷೆಗಳ ಅಗ್ನಿಗೋಳಗಳನ್ನು ಅತ್ಯಲ್ಪ ಕ್ಷಣಗಳಲ್ಲಿ ಹಿಡಿದವು.

ಮೊದಲನೆಯ ಅಣುಸ್ಫೋಟವು ೧೯೪೫ರ ಜುಲೈ ೧೬ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆಯಿತು. ಅದರ ಚಿತ್ರಗಳನ್ನು ೧೯೪೭ರಲ್ಲಿ ಬಹಿರಂಗಪಡಿಸಿದರು. ಚಿತ್ರಗಳಲ್ಲಿ ಉದ್ದದ ಅಳತೆಯೂ ಕಾಲದ ಗುರುತೂ ಇದ್ದವು. ಸ್ಫೋಟದ ಶಕ್ತಿಯ ಪ್ರಮಾಣವು ಮಾತ್ರ ರಹಸ್ಯವಾಗಿತ್ತು. ಇಂಗ್ಲೆಂಡಿನ ಜಿ. ಐ. ಟೇಲರ್ ಎಂಬ ವಿಜ್ಞಾನಿಯು, ಅಗ್ನಿಗೋಳದ ತ್ರಿಜ್ಯವು ಕಾಲದ ಐದನೆಯ ಎರಡು ಘಾತದಂತೆ ಬೆಳೆಯಬೇಕೆಂಬ ತನ್ನ ಲೆಕ್ಕಾಚಾರವನ್ನು ಆ ಚಿತ್ರಗಳಿಗೆ ಹೊಂದಿಸಿ, ಶಕ್ತಿಯು ಸುಮಾರು ೧೭ ಸಾವಿರ ಟನ್ನು ಸಿಡಿಮದ್ದಿಗೆ ಸಮವೆಂದು ೧೯೫೦ರಲ್ಲಿ ಪ್ರಕಟಿಸಿದನು. ಚಿತ್ರವನ್ನು ಕೊಟ್ಟವರು ಹೇಳಬಾರದೆಂದಿದ್ದುದನ್ನು ಚಿತ್ರವೇ ಹೇಳಿಬಿಟ್ಟಿತು. ಸತ್ಯವು ತನ್ನನ್ನು ಹಿಡಿದವನ ಆಳಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಅದೇ ಚಿತ್ರವನ್ನು ಇನ್ನೊಮ್ಮೆ ನೋಡತಕ್ಕದ್ದು. ಗೋಳವು ನೀರಿನ ಗುಳ್ಳೆಯಂತೆ ನಯವಾಗಿ, ದುಂಡಗೆ, ಒಂದು ಬಗೆಯಲ್ಲಿ ಸುಂದರವಾಗಿಯೂ ಇದೆ. ಆ ಚೌಕಟ್ಟಿನೊಳಗೆ ಮನುಷ್ಯನಿಲ್ಲ. ಸ್ಫೋಟದ ಬೂದಿಯು ಸುತ್ತಲಿನ ಹಳ್ಳಿಗಳ ಮೇಲೂ ಗೋಮಾಳಗಳ ಮೇಲೂ ಇಳಿದುದು ಚೌಕಟ್ಟಿನ ಹೊರಗೆ. ಮೂರು ವಾರಗಳ ಮೇಲೆ, ಆಗಸ್ಟ್ ೬ರಂದು, ಹಿರೋಷಿಮಾ ನಗರದ ಮೇಲೆ ಬಿದ್ದ ಬೆಂಕಿಯೂ ಚೌಕಟ್ಟಿನ ಹೊರಗೆ. ಚಿತ್ರವು ಸುಳ್ಳು ಹೇಳಲಿಲ್ಲ. ಅದನ್ನು ನೋಡಿ ಶಕ್ತಿಯನ್ನು ಎಣಿಸಿದವನೂ ತಪ್ಪು ಎಣಿಸಲಿಲ್ಲ. ಆದರೂ ಅದೇ ಪೂರ್ಣವಾದ ನೋಟವೆಂದು ಯಾವನಾದರೂ ತಿಳಿದರೆ, ವಕ್ರವಾದ ಹನಿಯನ್ನು ಬದಿಗಿಟ್ಟವನಿಗಿಂತ ಅವನ ದೋಷವು ಬಹಳ ದೊಡ್ಡದು. ಪ್ರತಿಯೊಂದು ಚಿತ್ರವೂ ಏನನ್ನೋ ಬಿಟ್ಟೇ ಚಿತ್ರವಾಗಿರುತ್ತದೆ. ಏನನ್ನು ಬಿಟ್ಟಿತೆಂದು ವಿಚಾರಿಸುವುದು ನೋಡುವವನ ಧರ್ಮ.

೮

ವಿಜ್ಞಾನಿಯ ಮೇಜಿನ ಮೇಲಿನ ಈ ಮಾತು ಗೃಹಸ್ಥನ ಜಗಲಿಗೆ ದೂರವಾದುದಲ್ಲ. ಒಳ್ಳೆಯ ಮಗನೆಂದರೆ ಹೀಗಿರಬೇಕು, ಸೊಸೆಯೆಂದರೆ ಹೀಗೆ, ವಿದ್ಯಾರ್ಥಿಯೆಂದರೆ ಹೀಗೆ, ಇಂಥ ಊರಿನವರು ಅಥವಾ ಇಂಥ ಕುಲದವರೆಂದರೆ ಹೀಗೆ ಎಂಬ ಆದರ್ಶದ ಹನಿಗಳೂ ಹಾಗೆಯೇ ದುಷ್ಟತನದ ಹನಿಗಳೂ ಪ್ರತಿಯೊಂದು ಮನೆಯಲ್ಲಿ ಅಚ್ಚು ಹಾಕಿಟ್ಟಂತೆ ಇವೆ. ಸೋಮಾರಿಯೆಂದು ಒಮ್ಮೆ ಹೆಸರಾದ ಹುಡುಗನು ಅಜ್ಜಿಯ ಕಾಯಿಲೆಯಲ್ಲಿ ರಾತ್ರಿಯೆಲ್ಲ ಎದ್ದಿದ್ದುದನ್ನು ಮನೆಯವರೆಲ್ಲರೂ ಕಂಡಿರುತ್ತಾರೆ. ಕಂಡರೂ ಅದು ಯಾವುದೋ ಆಕಸ್ಮಿಕವೆಂದು ಬದಿಗೆ ಸರಿಯುತ್ತದೆ. ಅವನ ಚರಿತ್ರೆಯನ್ನು ಹೇಳುವಾಗ ಸೋಮಾರಿತನವೇ ಉಳಿಯುತ್ತದೆ. ದೊಡ್ಡವನೆಂದು ಹೆಸರಾದವನು ಆಳಿನ ಕೂಲಿಯನ್ನು ಹಿಡಿದುಕೊಂಡುದನ್ನೂ ಎಲ್ಲರೂ ಕಂಡಿರುತ್ತಾರೆ. ಅದೂ ಬದಿಗೆ ಸರಿಯುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ಒಬ್ಬನಿಗೆ ಅನ್ಯಾಯವಾಗಿದೆ, ಇನ್ನೊಬ್ಬನಿಗೆ ಸಲ್ಲದ ಮಾನ ಸಂದಿದೆ. ಮನೆಯ ಮಾತು ನ್ಯಾಯಸ್ಥಾನದವರೆಗೆ ಹೋದರೆ, ಹೀಗೆ ಬದಿಗೆ ಸರಿದ ಒಂದು ಸಂಗತಿಯಿಂದಲೇ ಒಬ್ಬನ ಬಾಳು ಕೆಡಬಹುದು.

ಹನಿಯಲ್ಲಿ ಹೇಗೋ ಹಾಗೆ ಇಲ್ಲಿಯೂ ವಕ್ರವೆಂದು ಬಿಸುಟುದರಲ್ಲಿಯೇ ಕಾರಣವಿರುವುದುಂಟು. ಅಜ್ಜಿಯ ಬಳಿ ಎದ್ದಿದ್ದ ಆ ಒಂದು ರಾತ್ರಿಯನ್ನು ಲೆಕ್ಕಕ್ಕೆ ಹಿಡಿದವನು, ಹುಡುಗನಿಗೆ ಕೆಲಸದಲ್ಲಿ ಬೇಸರವೋ ಅಥವಾ ಅಕ್ಕರೆಯಿಲ್ಲದ ಕೆಲಸದಲ್ಲಿ ಬೇಸರವೋ ಎಂದು ಕೇಳಿಯಾನು. ಲೆಕ್ಕಕ್ಕೆ ಹಿಡಿಯದವನಿಗೆ ಕೇಳುವುದಕ್ಕೆ ಪ್ರಶ್ನೆಯೇ ಇರದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗ್ರಾಮೀಣರ ನಾಣ್ಣುಡಿಯನ್ನು ಸಾಮಾನ್ಯವಾಗಿ ಕಣ್ಣಿನ ಮೇಲಿನ ಅವಿಶ್ವಾಸವೆಂದು ಅರ್ಥಮಾಡುವರು. ಹನಿಯ ಚರಿತ್ರೆಯು ಅದಕ್ಕೆ ಬೇರೊಂದು ಅರ್ಥವನ್ನು ಕಲಿಸುತ್ತದೆ. ಕಣ್ಣು ಅನೇಕ ವೇಳೆ ಸರಿಯಾಗಿಯೇ ಕಂಡಿರುತ್ತದೆ. ಪ್ರಮಾಣಿಸಬೇಕಾದುದು, ಕಂಡದ್ದರಲ್ಲಿ ಯಾವುದನ್ನು ಮನಸ್ಸು ಮುಚ್ಚಿಟ್ಟಿತೆಂಬುದನ್ನು. ಅದಕ್ಕೆ ಎಲ್ಲರಿಗೂ ಕಿಡಿಯ ಕ್ಯಾಮರಾ ಬೇಕಾಗಿಲ್ಲ. ಹಳೆಯ ಕಾಗದಗಳನ್ನು ಮತ್ತೊಮ್ಮೆ ಬಿಚ್ಚಿ ನೋಡುವ ಧೈರ್ಯ ಬೇಕು. ಸಂಪಾದಿಸಿದ ಕೀರ್ತಿಯೆಲ್ಲ ಸಮವಾದ ಹನಿಗಳ ಮೇಲೆ ನಿಂತಿದ್ದಾಗಲೂ, ವಕ್ರವಾದವುಗಳನ್ನು ತಾನೇ ಆಯ್ದು ತಂದು ಎಲ್ಲರ ಮುಂದಿಟ್ಟ ಆ ಅಧ್ಯಾಪಕನಿಗೆ ಅದು ಇದ್ದಿತು. ಈ ಸಲದ ಮಳೆಗಾಲದಲ್ಲಿ ಸೂರಿನ ಹನಿಯನ್ನು ನೋಡುವವರಿಗೆ ಅಷ್ಟು ನೆನಪಾದರೆ ಸಾಕು.